ಜಾಲರಿ ಬಚ್ಚಲಿಗೆ ವರ್ಗ

ರೀ,

ಈ ಮನೆಯ ಇತಿಹಾಸದಲ್ಲಿ ದಾಖಲಾಗಬೇಕಾದ ಸಂಗತಿಯೊಂದಿದೆ: ಟೀ ಸೋಸುವ ಜಾಲರಿಯನ್ನು ಅಡುಗೆಮನೆಯಿಂದ ಬಚ್ಚಲಿಗೆ ವರ್ಗ ಮಾಡಿದ್ದೇನೆ. ಒಂದಕ್ಕೆ ಹೋದಾಗಲೆಲ್ಲ ಅದರಲ್ಲಿ ಸೋಸಿ ನೋಡಿ. ಏನಾದರೂ ಸಿಕ್ಕಿದರೆ ಪಕ್ಕದ ಡಬ್ಬಿಯಲ್ಲಿಡಿ, ಡಾಕ್ಟರಿಗೆ ತೋರಿಸಬೇಕು.

ಮೊನ್ನೆ ಕಲ್ಲಿದೆಯೋ ಇಲ್ಲವೋ ನೋಡಲು ಮೆಟ್ಟಿಲಿಂದ ಮೂರು ಸಲ ಧುಮುಕಿ, "ನೋವೇ ಇಲ್ಲ ಕಣೇ, ಕಲ್ಲು ಹೋಯ್ತು" ಅಂದಿರಿ. ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳದ ಸ್ಥಿತಿ ಹೇಳುವವರು ನೀವು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಆ ವಿದ್ಯೆಗೆ ಮರ್ಯಾದೆಯಿದೆ, ಮೂತ್ರದ ದಾರಿಯ ಕಲ್ಲಿಗೆ ಅದು ನಡೆಯುವುದಿಲ್ಲ. ಅದನ್ನೇ ನಂಬಿ ಎರಡು ದಿನ ಡಾಕ್ಟರು ಕೊಟ್ಟ ಕ್ಯಾಪ್ಸೂಲ್ ಬಿಟ್ಟಿದ್ದೂ ನನಗೆ ಗೊತ್ತು.

ಆ ಕ್ಯಾಪ್ಸೂಲ್ ಕಲ್ಲನ್ನು ಕರಗಿಸುವುದಿಲ್ಲ, ಕಲ್ಲು ಇಳಿಯುವ ದಾರಿಯನ್ನು ಸಡಿಲ ಮಾಡುತ್ತದೆ. ಇವತ್ತಿನಿಂದ ಊಟವಾದ ಮೇಲೆ ನನ್ನೆದುರೇ ನುಂಗಿ. ಮಂಚದಿಂದ ದಡಕ್ಕನೆ ಏಳಬೇಡಿ, ಆ ಔಷಧಿಗೆ ತಲೆ ಸುತ್ತುತ್ತದೆ. ಚಳಿಜ್ವರ ಬಂದರೆ ಕಾಯಬೇಡಿ, ಶಾಲೆಗೆ ಫೋನ್ ಮಾಡಿ. ಪಾಠ ಬಿಟ್ಟು ಬರುತ್ತೇನೆ.

ನೀವು ಮಲಗಿದ್ದಾಗ ಡಾಕ್ಟರು ಫೋನ್ ಮಾಡಿದ್ದರು. ಎರಡು ವಾರದಲ್ಲಿ ಬೀಳದಿದ್ದರೆ ಆಪರೇಷನ್ ಅಂತೆ. ಆ ಮಾತಿಗೆ ನೀವೆಷ್ಟು ಹೆದರುತ್ತೀರಿ ಅಂತ ಗೊತ್ತಿದ್ದೇ ಎಬ್ಬಿಸಲಿಲ್ಲ. ನಿನ್ನೆಯ ಸ್ಕ್ಯಾನ್‌ನಲ್ಲಿ ಕಲ್ಲು ಒಳಗೇ ಇದೆಯಂತೆ, ಆದರೆ ಸ್ವಲ್ಪ ಕೆಳಗಿಳಿದಿದೆಯಂತೆ.