ಜೇಬಿನಲ್ಲಿ ಉಳಿದ ಫ್ಯೂಸು

ಮಂಗಳವಾರ, ೧೪. ರಾತ್ರಿ ಹತ್ತೂವರೆ.

ಅಕ್ಕನ ದೋಣಿಯ ಆ ಹಾಳು ಮೀಟರು ನನ್ನ ಜೀವ ತಿನ್ನುತ್ತಿತ್ತು. ದಡದಲ್ಲಿ ಕಟ್ಟಿದ್ದರೆ ಎಂಜಿನ್ನಿನ ಬಿಸಿ, ವೇಗ ಎಲ್ಲ ತೋರಿಸುತ್ತಿತ್ತು. ಅಲೆಗೆ ದೋಣಿ ಎಗರಿತೋ, ಅಂಕಿಗಳೆಲ್ಲ ಮಾಯ. ಎರಡು ನಿಮಿಷಕ್ಕೆ ಏನೂ ಆಗದವರಂತೆ ಮತ್ತೆ ಹಾಜರ್. ಐದು ದಿನದಲ್ಲಿ ವೈರು ಬದಲಿಸಿದೆ, ಬ್ಯಾಟರಿ ಬದಲಿಸಿದೆ.

ಅಂಕಿ ಹೋದಾಗಲೆಲ್ಲ ಎಚ್ಚರಿಕೆಯ ಬಜರ್ ಕಿರುಚಿ ತಲೆ ಚಿಟ್ಟು ಹಿಡಿಸುತ್ತಿತ್ತು. ಮಧ್ಯಾಹ್ನ ಅದರ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡೆ. ಆಮೇಲೆ ಸೀಟಿನಡಿ ಒಂದು ಸಡಿಲ ಪಿನ್ನು ಸಿಕ್ಕಿತು. ಬಿಗಿ ಮಾಡಿದೆ. ಒಂದು ಗಂಟೆ ಓಡಿಸಿದರೂ ಅಂಕಿ ಕದಲಲಿಲ್ಲ. ಗೆದ್ದೆನೆಂದು ಕುಣಿದೆ.

ಸಂಜೆ ಅಕ್ಕ ಒಬ್ಬಳೇ ಬಲೆ ಹಾಕಲು ಹೊರಟಳು.

"ಸರಿಹೋಯ್ತೇನೋ?"

"ಹೋಯ್ತಕ್ಕಾ."

"ಹೋಗದಿದ್ರೂ ಬಿಡೋ. ಎಂಜಿನ್ ಕಾದ್ರೆ ಬಜರ್ ಕೂಗ್ಕೊಳ್ಳುತ್ತಲ್ಲ, ಅಷ್ಟು ಸಾಕು ನಂಗೆ."

ಆಗಲೂ ನೆನಪಾಗಲಿಲ್ಲ ನನಗೆ, ಮಣ್ಣು ತುಂಬಿದ ತಲೆ!

ಒಂಬತ್ತು ಗಂಟೆಗೆ ಅಂಗಿ ಬಿಚ್ಚುವಾಗ ಫ್ಯೂಸು ಟಣ್ಣನೆ ನೆಲಕ್ಕೆ ಬಿತ್ತು. ಅಕ್ಕನಿಗೆ ಹನ್ನೊಂದು ಸಲ ಫೋನ್ ಮಾಡಿದೆ, ಸಿಗ್ನಲ್ ಇಲ್ಲ. ಬೇರೆ ದೋಣಿಯವರು ಹುಡುಕಲು ಹೊರಟಿದ್ದಾರೆ. ಭಾವ ಅವರ ಜೊತೆ ಹೋದರು, ನನ್ನ ಮುಖ ನೋಡಲಿಲ್ಲ. ಫೋನಿನ ಹತ್ತಿರ ನಾನು ಕೂತಿದ್ದೇನೆ.

ಸದ್ದಿಲ್ಲ ಅಂದರೆ ಎಲ್ಲ ಸರಿಯಿದೆ ಎಂದು ಅವಳಿಗೆ ಹೇಳಿಕೊಟ್ಟವನು ನಾನೇ.