ಕೆಜಿ ಬೇರೆ, ನ್ಯೂಟನ್ ಬೇರೆ

ಮಾರ್ಚ್ 3, ಊಟದ ಬಿಡುವು

ಬೆಳಿಗ್ಗೆಯಿಂದ ಹದಿನಾಲ್ಕು ಬ್ರಾಕೆಟ್‌ಗೆ ವೆಲ್ಡಿಂಗ್ ಮುಗಿಸಿದೆ. ಕೈ ಇನ್ನೂ ಬಿಸಿ. ತಲೆ ಅದಕ್ಕಿಂತ ಬಿಸಿ.

ನಿನ್ನೆ ಸಂಜೆ ಡಿಪ್ಲೊಮಾ ಕ್ಲಾಸಿನಲ್ಲಿ ಟೆಸ್ಟ್ ಪೇಪರ್ ಕೊಟ್ಟರು. ಸ್ಪ್ಯಾನರ್ ಲೆಕ್ಕಕ್ಕೆ ಹತ್ತಕ್ಕೆ ಸೊನ್ನೆ. ನಾನೂರು ನ್ಯೂಟನ್ ಬಲ, ಇನ್ನೂರೈವತ್ತು ಮಿಲಿಮೀಟರ್ ದೂರ, ಮೊಮೆಂಟ್, ಅಂದರೆ ತಿರುಗಿಸುವ ಕಸುವು, ಎಷ್ಟು? ಗುಣಿಸಿದೆ, ಒಂದು ಲಕ್ಷ ಬಂತು. ಮುಂದೆ ನ್ಯೂಟನ್-ಮೀಟರ್ ಅಂತ ಬರೆದೆ. ಮಿಲಿಮೀಟರನ್ನು ಮೀಟರ್ ಮಾಡಿಕೊಳ್ಳಲಿಲ್ಲ. ನೂರು ಬರಬೇಕಿತ್ತಂತೆ. ಚಿತ್ರ ಸರಿ, ಬಾಣ ಸರಿ, ಸೂತ್ರ ಸರಿ. ಆದರೂ ಸೊನ್ನೆ.

ನಲವತ್ತೊಂದನೇ ವಯಸ್ಸಿನಲ್ಲಿ, ಎಂಟು ಗಂಟೆ ಕಿಡಿಯ ಮುಂದೆ ಕೂತು, ಬಸ್ಸು ಹಿಡಿದು ಓಡುವವಳಿಗೆ ಸೊನ್ನೆ.

ಮಾರ್ಚ್ 5

ಕೇಳಿಯೇ ಬಿಟ್ಟೆ. "ಒಂದು ಹೆಜ್ಜೆ ತಪ್ಪಿದ್ದಕ್ಕೆ ಎಲ್ಲಾ ಮಾರ್ಕೂ ಕಿತ್ಕೊಳ್ಳೋದಾ ಸಾರ್?"

ಮೇಷ್ಟ್ರು ಡಸ್ಟರ್ ಕೆಳಗಿಡಲೂ ಇಲ್ಲ. "ಒಂದು ಹೆಜ್ಜೆ ಅಲ್ಲಮ್ಮ, ಸಾವಿರ ಪಟ್ಟು. ನಿಮ್ಮ ಉತ್ತರ ನಿಜ ಆಗ್ಬೇಕಾದ್ರೆ ಆ ಸ್ಪ್ಯಾನರ್ ತುದೀಲಿ ನಲವತ್ತು ಟನ್ ಜೋತಾಡ್ಬೇಕು."

ಕ್ಲಾಸೆಲ್ಲ ನಕ್ಕಿತು. ಆಮೇಲೆ ಬೋರ್ಡಿನ ಮೇಲೆ ಬರೆದರು. ಗುಣಿಸುವ ಮೊದಲೇ ಎಲ್ಲವನ್ನೂ ನ್ಯೂಟನ್, ಮೀಟರಿಗೆ ತಂದುಕೊಳ್ಳಿ. ಪ್ರತಿ ಅಂಕಿಯ ಪಕ್ಕ ಯುನಿಟ್ ಬರೆಯಿರಿ. ಕೆಜಿ ಅಂದರೆ ಬಲ ಅಲ್ಲ, 9.81ರಿಂದ ಗುಣಿಸಿ. ಕೊನೆಗೆ, ಇದು ನಂಬುವಂಥ ಉತ್ತರವೇ ಅಂತ ಕೇಳಿಕೊಳ್ಳಿ.

ಹಟಕ್ಕೆ ಬಿದ್ದು ಬರೆದುಕೊಂಡೆ. ಪೆನ್ಸಿಲ್ ಮುರಿಯಿತು.

ಮನೆಯವರು ಟೈಲರಿಂಗ್ ಮೆಷಿನ್‌ನಿಂದ ತಲೆ ಎತ್ತದೆ ಹೇಳಿದರು, "ಮೂವತ್ತೆಂಟು ಇಂಚಿನ ಎದೇನ ಮೂವತ್ತೆಂಟು ಸೆಂಟಿಮೀಟರ್ ಅಂತ ಕತ್ತರಿಸಿದ್ರೆ ಅಂಗಿ ಯಾರಿಗಾಗುತ್ತೆ? ಗೊಂಬೆಗೆ." ಇವರದೂ ಒಂದು. ಪುಸ್ತಕ ಎತ್ತಿಕೊಂಡು ಒಳಗೆ ಹೋದೆ.

ಮಾರ್ಚ್ 17, ಬೆಳಿಗ್ಗೆ 11

ಹೊಸ ಕೆಲಸ. ದೊಡ್ಡ ಲಾಂಡ್ರಿಯೊಂದಕ್ಕೆ ಗೋಡೆಗೆ ಕೂರಿಸುವ ಕಬ್ಬಿಣದ ತೋಳು. ಬಟ್ಟೆ ಒಗೆಯುವ ಡ್ರಮ್ ರಿಪೇರಿಗೆ ಬಂದಾಗ ಎತ್ತಲು. ಎಂಟು ನೂರು ಕೆಜಿ, ಗೋಡೆಯಿಂದ ಒಂದೂವರೆ ಮೀಟರ್ ಆಚೆ.

ಡ್ರಾಯಿಂಗ್ ನಮ್ಮ ಶೆಡ್ಡಿನ ಯಜಮಾನರ ಅಳಿಯ ಮಹಾಶಯರದು. ನಾಲ್ಕು ಬೋಲ್ಟ್, ಎಂಟು ಎಂಎಂ. ನಕ್ಕೆ. ಮೇಜಿನ ಕಾಲಿಗೆ ಹಾಕುವ ಬೋಲ್ಟ್. ಹಿಂದೆ ಲೆಕ್ಕದ ಹಾಳೆ ಪಿನ್ ಮಾಡಿತ್ತು. 800 ಗುಣಿಸು 1.5, 1200 ನ್ಯೂಟನ್-ಮೀಟರ್. ಮೇಲಿನ ಎರಡು ಬೋಲ್ಟಿಗೂ ಕೆಳಗಿನವಕ್ಕೂ ನಡುವೆ 0.3 ಮೀಟರ್. ಮೇಲಿನ ಒಂದೊಂದಕ್ಕೆ ಎರಡು ಸಾವಿರ ನ್ಯೂಟನ್ ಎಳೆತ.

ಕೆಜಿಯನ್ನು ನ್ಯೂಟನ್ ಮಾಡಿಯೇ ಇಲ್ಲ. ನಿಜವಾದ ಎಳೆತ ಒಂದೊಂದಕ್ಕೆ ಇಪ್ಪತ್ತು ಸಾವಿರದ ಹತ್ತಿರ. ಮೂರು ಸಲ ಲೆಕ್ಕ ಹಾಕಿದೆ. ಪ್ರತಿ ಅಂಕಿಯ ಪಕ್ಕ ಯುನಿಟ್ ಬರೆದೇ ಹಾಕಿದೆ.

ಮಾರ್ಚ್ 17, ಸಂಜೆ

ಹೇಳಿದೆ. ಅಳಿಯ ಕುರ್ಚಿ ತಿರುಗಿಸಿಕೊಂಡು ಕೇಳಿದ, "ಮೆಕ್ಯಾನಿಕ್ಸ್‌ನಲ್ಲಿ ಸೊನ್ನೆ ತಗೊಂಡವಳು ನೀನೇ ಅಲ್ವೇನಮ್ಮ?"

ಸುದ್ದಿ ಇಲ್ಲಿಯವರೆಗೆ ಬಂದಿದೆ. ಸೊನ್ನೆ ತಗೊಂಡೆ, ಹೌದು. ನಾನು ತಪ್ಪಿದಾಗ ಹಾಳಾಗಿದ್ದು ಒಂದು ಹಾಳೆ.

"ಇದಕ್ಕೆ ನಾನು ವೆಲ್ಡ್ ಹಾಕಲ್ಲ" ಅಂದೆ. ಯಜಮಾನರು ಒಳಗಿನಿಂದಲೇ, "ಹಾಗಾದ್ರೆ ನಾಳೆಯಿಂದ ಮನೇಲಿರು. ನಾನಾಗಿ ಕರೆದ್ರೆ ಬಾ" ಅಂದರು. ಹತ್ತೊಂಬತ್ತು ವರ್ಷ ಈ ಶೆಡ್ಡಿನ ಹೊಗೆ ಕುಡಿದಿದ್ದೇನೆ. ಹಾಳೆ ಕೈಯಲ್ಲಿ ಹಿಡಿದು ನೋಡುವ ಸೌಜನ್ಯವೂ ಬೇಡವೇ.

ಮಾರ್ಚ್ 23

ಆರು ದಿನ. ಮನೆಯವರು ಹೊಲಿದ ಅಂಗಿಗಳಿಗೆ ಕಾಜಾ ಕಟ್ಟಿ ಕಟ್ಟಿ ಬೆರಳು ನೋವು. ತೋಳು ಬೇರೆಯವರ ಕೈಯಲ್ಲಿ ತಯಾರಾಗಿದೆಯಂತೆ.

ಇವತ್ತು ಲಾಂಡ್ರಿಗೇ ಹೋದೆ. ಹಬೆ, ಸೋಪಿನ ವಾಸನೆ. ಗೋಡೆಯಲ್ಲಿ ನಾಲ್ಕು ತೂತು ಕೊರೆದು ಇಟ್ಟಿದ್ದಾರೆ. ಅದರ ನೇರ ಕೆಳಗೆ ಉದ್ದನೆಯ ಮೇಜು, ಐದು ಜನ ಹೆಂಗಸರು ನಿಂತು ಬೆಡ್‌ಶೀಟ್ ಮಡಚುತ್ತಿದ್ದರು. ಒಬ್ಬಳು ಬಸುರಿ.

ಸೂಪರ್‌ವೈಸರ್ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನಿಮ್ಮ ಶೆಡ್ಡಿನ ಯಜಮಾನ್ರಿಗೆ ಗೊತ್ತಾ ನೀವು ಬಂದಿರೋದು?"

"ಇಲ್ಲ. ಗೋಡೆಗೆ ಹಾಕೋ ಮುಂಚೆ ಭಾರ ಹಾಕಿ ತೋರ್ಸಿ ಅಂತ ಕೇಳಿ, ಸಾಕು. ಕೆಳಗೆ ಯಾರನ್ನೂ ನಿಲ್ಲಿಸ್ಬೇಡಿ."

ಅವಳು ನೀರು ಕೊಟ್ಟಳು. ಗೋಡೆಯ ತೂತುಗಳ ಕಡೆ ಒಮ್ಮೆ ನೋಡಿದಳು.

ಮಾರ್ಚ್ 30

ಕೇಳಿದ್ದಾಳೆ. ಲಾಂಡ್ರಿಯ ಸೂಪರ್‌ವೈಸರ್, ಬರವಣಿಗೆಯಲ್ಲೇ ಕೇಳಿದ್ದಾಳೆ.

ನಮ್ಮ ಶೆಡ್ಡಿನ ಗೋಡೆಗೆ ತೋಳು ಕೂರಿಸಿ ಟೆಸ್ಟ್. ನನ್ನನ್ನೂ ಕರೆಸಿದರು, ನಾನು ಮುಖ ಮುಚ್ಚಿಕೊಳ್ಳುವುದನ್ನು ನೋಡಲು ಇರಬೇಕು. ಕಬ್ಬಿಣದ ತುಂಡು ತೂಗಿ ತೂಗಿ ತೋಳಿಗೆ ನೇತುಹಾಕಿದ ತೊಟ್ಟಿಗೆ ಹಾಕಿದರು. ಇನ್ನೂರು. ನಾನೂರು. ಅಳಿಯ ನನ್ನ ಕಡೆ ನೋಡಿದ. ಐನೂರು. ಆರುನೂರಕ್ಕೆ ಟಪ್ ಅಂತ ಒಂದೇ ಸದ್ದು. ಮೇಲಿನ ಬೋಲ್ಟ್ ಒಂದು ಮುರಿದು ಎದುರು ತಗಡಿಗೆ ಬಡಿಯಿತು, ತೋಳು ತೊಟ್ಟಿ ಸಮೇತ ನೆಲಕ್ಕೆ. ಸಿಮೆಂಟಿನಲ್ಲಿ ಗುಳಿ.

ನನಗೆ ಕಂಡದ್ದು ಲಾಂಡ್ರಿಯ ಆ ಉದ್ದನೆಯ ಮೇಜು.

ಮಾರ್ಚ್ 31, ಮಧ್ಯಾಹ್ನ

ಮೈಯೆಲ್ಲ ಉರಿಯುತ್ತಿದೆ. ಟೆಸ್ಟ್ ರಿಪೋರ್ಟಿಗೆ ನನ್ನ ಸಹಿ ಬೇಕಂತೆ. ಹಳಬಳಲ್ಲವೇ. 'ಮುರಿಯಲು ಕಾರಣ' ಅನ್ನುವ ಜಾಗ ಖಾಲಿ.

"ಬೋಲ್ಟ್ ಕಳಪೆ ಅಂತ ಬರಿ" ಅಂದರು ಯಜಮಾನರು. "ಮನೆ ಮರ್ಯಾದೆ ಪ್ರಶ್ನೆ."

ಬೋಲ್ಟ್ ಕೊಟ್ಟಿದ್ದು ಮೂಲೆ ಅಂಗಡಿಯ ತಾತ. ನಾನು ಕೆಲಸಕ್ಕೆ ಸೇರುವ ಮುಂಚಿನಿಂದ ಕೊಡುತ್ತಿದ್ದಾರೆ, ಒಂದು ನಟ್ಟೂ ವಾಪಸ್ ಹೋಗಿಲ್ಲ. ನಿಮ್ಮ ಮನೆ ಮರ್ಯಾದೆಗೆ ಅವರ ಅಂಗಡಿ ಮುಚ್ಚಬೇಕೇ.

"ಆ ಬೋಲ್ಟ್ ಹದಿನಾಲ್ಕು ಸಾವಿರ ನ್ಯೂಟನ್ ತಡೆದು ಮುರಿದಿದೆ ಸಾರ್. ನಿಮ್ಮ ಅಳಿಯಂದಿರು ಕೇಳಿದ್ದು ಎರಡು ಸಾವಿರ. ಅದಕ್ಕೆ ಇನ್ನೇನು ಮಾಡ್ಬೇಕಿತ್ತು?"

ಬರೆದೆ: ಭಾರವನ್ನು ಕೆಜಿಯಿಂದ ನ್ಯೂಟನ್ನಿಗೆ ಬದಲಿಸಿಲ್ಲ. ಬೋಲ್ಟ್ ಸರಿಯಾಗಿದೆ. ಕೆಳಗೆ ಸಹಿ, ಪೂರ್ತಿ ಹೆಸರು. ಯಜಮಾನರು ಎರಡು ಸಲ ಓದಿದರು. ಹರಿಯುತ್ತಾರೆ ಅಂದುಕೊಂಡೆ. ಮಡಚಿ ಲಾಂಡ್ರಿಯ ಕವರಿನೊಳಗೆ ಹಾಕಿದರು.

ಏಪ್ರಿಲ್ 4, ಬೆಳಿಗ್ಗೆ 10.40

ಮೊನ್ನೆಯಿಂದ ಕೆಲಸಕ್ಕೆ ಹೋಗುತ್ತಿದ್ದೇನೆ. ಬಾ ಅಂತ ಯಾರೂ ಹೇಳಲಿಲ್ಲ, ಹೋಗು ಅಂತಲೂ ಹೇಳಲಿಲ್ಲ.

ಈಗ ಅಳಿಯ ಬಂದ. ಹೊಸ ಡ್ರಾಯಿಂಗ್, ಇಪ್ಪತ್ತು ಎಂಎಂ ಬೋಲ್ಟ್. "ಒಂದ್ಸಲ ನೋಡಿ ಅಕ್ಕಾ" ಅಂದ. ತಪ್ಪಾಯಿತು ಅನ್ನೋಕೆ ಮಾತ್ರ ಅವನಿಗೆ ಬರಲಿಲ್ಲ. ಎದುರಿಗೇ ನಿಂತಿದ್ದಾನೆ. ನಾನು ಬರೆಯುತ್ತಿರುವುದು ಲೆಕ್ಕ ಅಂದುಕೊಂಡಿದ್ದಾನೆ, ಪಾಪ. ನಿಂತಿರಲಿ.

ಮೊದಲ ಸಾಲು, ಎಂಟು ನೂರು ಕೆಜಿ, ನ್ಯೂಟನ್ ಮಾಡಿದ್ದಾನೆ. ಸರಿ. ಎರಡು, ಮೂರು, ಸರಿ. ನಾಲ್ಕನೆಯದು ತೋಳಿನ ಸ್ವಂತ ತೂಕ, ಅದೂ ನ್ಯೂಟನ್. ಪರವಾಗಿಲ್ಲ. ದೂರ 750. ಏನು 750? ಪಕ್ಕದಲ್ಲಿ ಏನೂ ಬರೆದಿಲ್ಲ. ಇಷ್ಟೆಲ್ಲ ಆದ ಮೇಲೂ ಇವನು— ಸ್ವಲ್ಪ ಬಾಪ್ಪಾ ಇಲ್ಲಿ, ಏಳುನೂರೈವತ್ತು ಏನು, ಮಿಲಿಮೀಟರಾ, ಮೀಟರಾ?