ಮಂತ್ರಿಯ ಆಯುಸ್ಸಿಗೊಂದು ಬುತ್ತಿ

ಜೂನ್ 14, ಅಷ್ಟಮಿ

ಇವತ್ತೂ ಭಿಕ್ಷುಗಳಿಗೆ ಕೊಡಲು ಎರಡು ಬುತ್ತಿ ಹೊತ್ತು ವಿಹಾರಕ್ಕೆ ಹೋದೆ. ಒಂದು ಸತ್ತ ಗಂಡನ ಹೆಸರಿಗೆ. ಇನ್ನೊಂದು ಅವನನ್ನು ಕೊಲ್ಲಿಸಿದ ಮಾಜಿ ಮಂತ್ರಿಯ ಆಯುಸ್ಸಿಗೆ. ಏನು ಮಾಡಲಿ? ತೀರ್ಪಿಗೆ ಮೊದಲೇ ಆರೋಪಿ ಸತ್ತರೆ ಕೇಸು ಮುಚ್ಚುತ್ತಾರಂತೆ, ರಾಜಧಾನಿ ನಾಮ್ ಪೆನ್‌ನಿಂದ ಬರುವ ನಮ್ಮ ವಕೀಲಮ್ಮ ಹೇಳಿದ್ದಾಳೆ. ಆ ಮುದುಕನಿಗೋ ತೊಂಬತ್ತರ ಹತ್ತಿರ. ದಿನಕ್ಕೊಂದು ಕಾಯಿಲೆ.

ಮೆಟ್ಟಿಲ ಹತ್ತಿರ ಪಕ್ಕದ ಮನೆ ಸಾರೀಮ್. "ಏನೇ ಮೋನ್, ಆ ಮುದುಕನ್ನ ಮದುವೆ ಗಿದುವೆ ಆಗ್ತೀಯೇನೇ?"

"ಆಗ್ತೀನಿ. ನಿಂಗ್ಯಾಕೆ ಹೊಟ್ಟೆಕಿಚ್ಚು?"

ಮಂತ್ರಿಯ ಹೆಸರು ಕೇಳಿ, ಬುತ್ತಿಗೆ ಚಾಚಿದ್ದ ಭಂತೆಯ ಕೈ ನಿಂತಿತು. "ಮನಸಾರೆ ಕೇಳ್ತಿದೀರಾ ಅಜ್ಜಿ?"

"ಇಷ್ಟು ಮನಸಾರೆ ನನ್ನ ಮಗನಿಗೂ ಕೇಳಿಲ್ಲ, ಭಂತೆ."

ಜೂನ್ 30

ತೀರ್ಪು ಮತ್ತೆ ಮುಂದಕ್ಕೆ. ಸಾಹೇಬರಿಗೆ ಸೊಂಟನೋವಂತೆ! ಬೆಳಗಿನಿಂದ ಬಗ್ಗಿ ಭತ್ತದ ಸಸಿ ನೆಟ್ಟಿದ್ದೇನೆ, ನನ್ನ ಸೊಂಟ ಯಾವ ಜಡ್ಜಿಗೆ ತೋರಿಸಲಿ? ವಕೀಲಮ್ಮ ಫೋನಿನಲ್ಲಿ, "ಸ್ವಲ್ಪ ತಾಳ್ಮೆ, ಅಜ್ಜಿ." ತಾಳ್ಮೆ! ಮಗ ಹೊಟ್ಟೆಯಲ್ಲಿದ್ದಾಗ ಗಂಡನನ್ನು ಇವನ ಕಡೆಯವರು ಕಾಲುವೆ ತೋಡಲು ಎಳೆದುಕೊಂಡು ಹೋದರು. ಬರ್ತಾನೆ ಎಂದರು. ಅಂದಿನಿಂದ ಮತ್ತೇನು ಮಾಡುತ್ತಿದ್ದೇನೆ...

"ಆ ಮುದುಕ ಊಟ ಮಾಡ್ತಾನಾ?" ಕೇಳಿದೆ.

"ಸೇರ್ತಿಲ್ವಂತೆ."

"ಒಣಮೀನು ಹಾಕಿ ಗಂಜಿ ಮಾಡ್ಸಮ್ಮ. ಹಲ್ಲಿಲ್ಲದಿದ್ರೂ ಇಳಿಯತ್ತೆ."

ಆಗಸ್ಟ್ 19

ಮುದುಕ ಆಸ್ಪತ್ರೆ ಸೇರಿದನಂತೆ. ಸಾರೀಮ್‌ಗೆ ಹಬ್ಬ. "ಸಾಯ್ಲಿ ಬಿಡೇ, ಪೀಡೆ ಹೋಗ್ಲಿ."

"ಮೆತ್ತನೆ ಹಾಸಿಗೇಲಿ, ಮೊಮ್ಮಕ್ಕಳ ಮಧ್ಯೆ, ಏನೂ ತಪ್ಪು ಮಾಡ್ದೋನ ಹಾಗೆ ಸಾಯ್ಬೇಕಾ? ಅದೇ ಕಾಲುವೇಲಿ ಹೋದ ನಿಮ್ಮಣ್ಣ ಹಾಗೆ ಸತ್ತನಾ?"

ಎದ್ದು ಹೋದಳು. ಸಂಜೆ ಬಾಳೆಹಣ್ಣು ತಂದಿಟ್ಟಳು. "ಅವನ ಬುತ್ತಿಗೆ ಸೇರ್ಸು. ನಾನು ಕೊಟ್ಟೆ ಅಂತ ಯಾರ ಹತ್ರನಾದ್ರೂ ಹೇಳಿದ್ಯೋ, ನೋಡು!"

ನವೆಂಬರ್ 16

ಕೋರ್ಟಿನವರೇ ಬಸ್ಸು ಕಳಿಸಿದ್ದರು. ಗಾಜಿನ ಆಚೆ ಅವನು. ಗಾಲಿಕುರ್ಚಿ, ಕಪ್ಪು ಕನ್ನಡಕ. ಕೆನ್ನೆ ತುಂಬಿಕೊಂಡಿದೆ — ನನ್ನ ಗಂಜಿಯೇ ಇರಬೇಕು. ನಿಲ್ಲಲಾಗದು ಎಂದ. ಕೂತೇ ಕೇಳಿ ಎಂದರು ಜಡ್ಜಿ. ಓದಿದರು, ಓದಿದರು... ನಮ್ಮ ಕಾಲುವೆಯ ಹೆಸರೂ ಬಂತು. ಸಾರೀಮ್ ನನ್ನ ತೋಳು ಹಿಡಿದವಳು ಬಿಡಲಿಲ್ಲ. ಅಪರಾಧಿ. ಆಜೀವ ಜೈಲು.

ಬಸ್ಸಿನಲ್ಲಿ ಎಲ್ಲರೂ ಅತ್ತರು. ನನಗೆ ಅಳು ಬರಲಿಲ್ಲ, ಕೋಪ ಬಂತು. ಸಾರೀಮ್ ಮೂಗೊರೆಸಿಕೊಂಡು, "ಆಜೀವ ಅಂದ್ರೆ ಎಷ್ಟು ದಿನ್ವೇ?"

"ಅವನು ಬದುಕಿರೋ ತನಕ."

"ನಾಳೆನೇ ಸತ್ರೆ?"

ಹಾಳು ಬಾಯಿ. ದಾರಿಯುದ್ದಕ್ಕೂ ಮಾತಾಡಿಸಲಿಲ್ಲ ಅವಳನ್ನು.

ನವೆಂಬರ್ 22, ಅಷ್ಟಮಿ

ಎಲ್ಲಾ ಮುಗಿಯಿತಲ್ಲ ಎಂದು ಸೊಸೆ ಒಂದೇ ಡಬ್ಬಿ ತೊಳೆದಿಟ್ಟಿದ್ದಳು. ಇನ್ನೊಂದನ್ನೂ ಇಳಿಸು ಎಂದೆ. ಕಣ್ಣು ಕಣ್ಣು ಬಿಟ್ಟಳು. ನೂರು ವರ್ಷ ಇರಲಿ ಅವನು, ಒಳಗೇ. ಇಷ್ಟು ಬೇಗ ಬಿಡುವುದುಂಟೇ?

ಬಾಗಿಲಲ್ಲಿ ಸಾರೀಮ್. ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು, ಮುಖ ಎತ್ತಲೋ. ಹೊರಡಬೇಕು. ಅವನ ಡಬ್ಬಿಯ ಗಂಜಿಗೆ ಒಣಮೀನು ಇನ್ನೂ —